ಕಂಬದ ಪೆಟ್ಟಿಗೆಗೆ ಬಸವಣ್ಣನ ಕಾವಲು

ಪಂಪಾಪತಿ ಯಾರ ಮುಖವನ್ನೂ ನೋಡಿ ಮಾತಾಡುತ್ತಿರಲಿಲ್ಲ. ಅವನ ಕಣ್ಣು ಸದಾ ಮೇಲೆ, ಯಾವುದಾದರೊಂದು ಕರೆಂಟಿನ ಕಂಬದ ತುದಿಗೆ. ಎದುರಿಗೆ ನಿಂತವರು ಬೈಯಲಿ, ಚಹಾ ಕೊಡಲಿ, ಮನೆಯಲ್ಲಿ ಸಾವಾಗಿದೆ ಎನ್ನಲಿ, ಅವನು ತಂತಿ ನೋಡುತ್ತಲೇ "ಹೂಂ, ಆತ್ರಿ" ಎನ್ನುತ್ತಿದ್ದ. ನಮ್ಮ ಅತ್ತೆ ಮೊದಮೊದಲು ಅವನನ್ನು ದೊಡ್ಡ ಶಿವಭಕ್ತ ಎಂದೇ ತಿಳಿದಿದ್ದರು. "ನೋಡು ನೀಲಾ, ಅವನ ಗ್ಯಾನ ಪೂರಾ ಮ್ಯಾಲಿನವನ ಮ್ಯಾಲ ಐತಿ" ಎಂದು ನನಗೆ ತೋರಿಸುತ್ತಿದ್ದರು. ಧ್ಯಾನವೇನೋ ಮೇಲೇ ಇತ್ತು. ಆದರೆ ಯಾವ ಕಂಬದಲ್ಲಿ ಇನ್ನೂ ಜಾಗ ಖಾಲಿ ಇದೆ ಎಂಬುದೊಂದೇ ಆ ಧ್ಯಾನದ ವಿಷಯ.

ಕುರುಗೋಡಿನ ನಮ್ಮ ಓಣಿಗೆ ಟಿವಿ ಕೇಬಲ್ ತಂದವನು ಅವನು. ಕಾಲ ಬದಲಾದ ಮೇಲೆ ಇಂಟರ್ನೆಟ್ ತಂದವನೂ ಅವನೇ. ಹೆಗಲಿಗೆ ಕಪ್ಪು ಕೇಬಲ್ಲಿನ ಸುರುಳಿ, ಅಂಗಿಯ ಜೇಬಿನಲ್ಲಿ ಟೆಸ್ಟರು, ಹಣೆಯಲ್ಲಿ ವಿಭೂತಿ. ವಿಭೂತಿ ನಾವೂ ಹಚ್ಚಿಕೊಳ್ಳುತ್ತೇವೆ, ಮೂರು ಬೆರಳಿನಷ್ಟು. ಅವನದು ಗೋಡೆಗೆ ಸುಣ್ಣ ಹೊಡೆದ ಹಾಗೆ. ಬೆವರಿಗೆ ಅಳಿಸಿದರೆ ಮತ್ತೆ ಬಳಿದುಕೊಳ್ಳಲು ಗಾಡಿಯ ಡಿಕ್ಕಿಯಲ್ಲಿ ಒಂದು ಗಟ್ಟಿ ಇಟ್ಟಿರುತ್ತಿದ್ದ, ಸ್ಕ್ರೂಡ್ರೈವರಿನ ಪಕ್ಕದಲ್ಲೇ.

ಒಂದು ಪುಣ್ಯವನ್ನು ಅವನ ಪಾಲಿಗೆ ಬರೆಯಲೇಬೇಕು. ನಮ್ಮತ್ತೆ ಸಂಜೆ ಟಿವಿಯಲ್ಲಿ ಪ್ರವಚನ ಕೇಳುತ್ತಾರೆ. ಆ ಹೊತ್ತಿಗೆ ಸರಿಯಾಗಿ ಚಿತ್ರ ಹೋಯಿತೆಂದು ಫೋನು ಮಾಡಿದರೆ, ಅವನು ಉಣ್ಣುತ್ತಿದ್ದರೂ ಕೈ ತೊಳೆದು ಬರುತ್ತಿದ್ದ. ದೇವರು ಎಲ್ಲರಲ್ಲೂ ಒಂದಿಷ್ಟು ಒಳ್ಳೆಯದನ್ನು ಇಟ್ಟಿರುತ್ತಾನೆ. ಪಂಪಾಪತಿಯಲ್ಲಿ ಇಟ್ಟದ್ದು ಇಷ್ಟೇ ಇರಬೇಕು, ನಾನು ಬಹಳ ಹುಡುಕಿದ್ದೇನೆ, ಬೇರೆ ಸಿಗಲಿಲ್ಲ.

ನಮ್ಮ ಮನೆಯ ಮುಂದೆ ಒಂದು ಹಳೆಯ ಕಬ್ಬಿಣದ ಕಂಬವಿದೆ. ಕಿಟಕಿಯ ಸರಳಿನಿಂದ ಆ ಕಂಬಕ್ಕೆ ನಾನು ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದೆ. ಒಂದು ಬೆಳಿಗ್ಗೆ ನೋಡಿದರೆ ಒಗೆದ ಸೀರೆಗಳೆಲ್ಲ ಕಟ್ಟೆಯ ಮೇಲೆ ಮುದ್ದೆಯಾಗಿ ಬಿದ್ದಿವೆ, ಪಂಪಾಪತಿ ನನ್ನ ಹಗ್ಗವನ್ನು ಸುತ್ತಿ ಕೈಯಲ್ಲಿ ಹಿಡಿದು ನಿಂತಿದ್ದಾನೆ.

"ಅಕ್ಕಾರ, ಹಿಂಗ ಕಟ್ಟಂಗಿಲ್ರಿ" ಎಂದ, ಕಂಬದ ತುದಿಗೆ. "ಕಂಬ ಸರಕಾರದ್ದು. ಇದಕ್ಕ ಏನರ ಹಚ್ಚಬೇಕಂದ್ರ ಆಫೀಸಿನಾಗ ಅರ್ಜಿ ಕೊಟ್ಟು ಪರ್ಮಿಷನ್ ತಗೋಬೇಕು. ಕರೆಂಟ್ ತಂತಿಗೂ ಅದಕ್ಕೂ ಬೇಕಾದಷ್ಟು ಅಂತರ ಇರಬೇಕು. ಲೈನ್‌ಮನ್ ಹತ್ತಾಕ ಒಂದು ಕಡಿ ಖಾಲಿ ಬಿಡಬೇಕು. ಕಂಬದಾಗಿನ ಕರೆಂಟಿಗಂತೂ ಯಾರೂ ಕೈ ಹಾಕಂಗಿಲ್ಲ. ರೂಲ್ಸು ಅಂದ್ರ ರೂಲ್ಸು."

"ನನ್ನ ಸೀರಿ ಯಾವ ಕರೆಂಟಿಗೆ ಕೈ ಹಾಕ್ಯಾವಪ್ಪಾ?"

"ಇವತ್ತು ಸೀರಿ, ನಾಳೆ ಇನ್ನೊಂದು. ಬಿಟ್ರ ಊರೆಲ್ಲ ಕಂಬಕ್ಕ ಜೋತು ಬೀಳ್ತೈತ್ರಿ."

ಸರಿ, ರೂಲ್ಸು ಇದ್ದರೆ ಇರಲಿ. ಕಬ್ಬಿಣದ ಕಂಬಕ್ಕೆ ಒದ್ದೆ ಬಟ್ಟೆ ಕಟ್ಟುವುದು ತಪ್ಪೇ ಹೌದು ಎಂದು ನಾನೂ ಸುಮ್ಮನಾದೆ. ಹಗ್ಗವನ್ನು ಮಾಳಿಗೆಯ ಮೇಲೆ ಕಟ್ಟಿಕೊಂಡೆ. ಮಾಳಿಗೆಯಲ್ಲಿ ಬಿಸಿಲು ಹೆಚ್ಚು, ಬಟ್ಟೆ ಬೇಗ ಒಣಗುತ್ತವೆ, ಅದೂ ಒಂದು ಉಪಕಾರವೇ.

ಮುಂದಿನ ವಾರ ಅದೇ ಕಂಬಕ್ಕೆ ಅವನು ತನ್ನ ತಗಡಿನ ಪೆಟ್ಟಿಗೆ ಬಿಗಿದ. ನನ್ನ ಹಗ್ಗ ಬಿಚ್ಚಿದ್ದು ಜಾಗ ಖಾಲಿ ಮಾಡಿಸಲು ಎಂದು ಆಗ ತಿಳಿಯಿತು. ಪೆಟ್ಟಿಗೆಯಿಂದ ಎಂಟು ದಿಕ್ಕಿಗೂ ಕೇಬಲ್ಲುಗಳು ಹೊರಟವು. ಉಳಿದದ್ದನ್ನೆಲ್ಲ ಚಕ್ಕುಲಿಯ ಹಾಗೆ ಸುತ್ತಿ ಅಲ್ಲೇ ನೇತು ಹಾಕಿದ. ಲೈನ್‌ಮನ್ ಏಣಿ ಒರಗಿಸುವ ಕಡೆಯೇ ಪೆಟ್ಟಿಗೆ. ಪೆಟ್ಟಿಗೆಯೊಳಗಿನ ಯಂತ್ರಕ್ಕೆ ಕರೆಂಟು ಬೇಕಲ್ಲ, ಅದನ್ನು ಕಂಬದ ತಂತಿಯಿಂದಲೇ ಎಳೆದುಕೊಂಡ.

"ಪಂಪಾಪತಿ, ಪರ್ಮಿಷನ್ ಐತೇನು?" ಎಂದು ಕೇಳಿದೆ.

"ಮ್ಯಾಲಿಂದ ಐತ್ರಿ ಅಕ್ಕಾರ" ಎಂದ. ಕಣ್ಣು ಹೇಗೂ ಮೇಲೇ ಇತ್ತು, ಆಫೀಸಿನ ಮೇಲಿನವರೋ ಆಕಾಶದ ಮೇಲಿನವನೋ ಗೊತ್ತಾಗಲಿಲ್ಲ.

ಕೆಲವು ತಿಂಗಳಾದ ಮೇಲೆ, ಪರ್ಮಿಷನ್ ಇಲ್ಲದ ಕೇಬಲ್ಲು, ಪೆಟ್ಟಿಗೆ ಎಲ್ಲವನ್ನೂ ಕಂಬಗಳಿಂದ ಕಿತ್ತು ಹಾಕಬೇಕೆಂದು ಕರೆಂಟ್ ಆಫೀಸಿನಿಂದ ಆಜ್ಞೆ ಬಂತು. ನಮ್ಮ ಲೈನ್‌ಮನ್ ಮೌಲಾಲಿ ಒಂದೊಂದೇ ಓಣಿ ಮುಗಿಸುತ್ತ ಬರುತ್ತಿದ್ದ. ಪಕ್ಕದ ಓಣಿಯಲ್ಲಿ ಕತ್ತರಿಸಿದ ಕೇಬಲ್ಲುಗಳು ಚರಂಡಿಯ ಪಕ್ಕ ಸತ್ತ ಹಾವಿನಂತೆ ಬಿದ್ದದ್ದನ್ನು ಪಂಪಾಪತಿ ನೋಡಿದ. ಮರುದಿನ ಬೆಳಿಗ್ಗೆ ನಾನು ಅಂಗಳಕ್ಕೆ ನೀರು ಹಾಕಲು ಹೊರಬಂದರೆ, ಕಂಬಕ್ಕೆ ದೇವರು ಬಂದಿತ್ತು.

ಗಾಜು ಹಾಕಿದ ಬಸವಣ್ಣನ ಫೋಟೊ. ಅದನ್ನು ಪೆಟ್ಟಿಗೆಗೆ ಒತ್ತಿ ತಂತಿಯಿಂದ ಕಟ್ಟಿದ್ದ. ಕಂಬಕ್ಕೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ, ಮೇಲೊಂದು ಚೆಂಡುಹೂವಿನ ಹಾರ. ಪಂಪಾಪತಿ ಕೈ ಮುಗಿದು ನಿಂತಿದ್ದ. ಆವತ್ತು ಮಾತ್ರ ಕಣ್ಣು ಮುಚ್ಚಿದ್ದ.

ಮೌಲಾಲಿ ಬಂದ, ಏಣಿ ಇಳಿಸಿದ, ಫೋಟೊ ನೋಡಿದ, ತಲೆಯ ಮೇಲಿನ ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ಯಾಕ ಮೌಲಾಲಿ, ಬಿಚ್ಚಂಗಿಲ್ಲೇನು?" ಎಂದೆ.

"ಪೆಟ್ಟಿಗಿ ಬಿಚ್ಚಾಕ ಆರ್ಡರ್ ಐತಮ್ಮಾ. ದೇವರನ್ನ ಬಿಚ್ಚಾಕ ಇಲ್ಲ" ಎಂದ. ಆಮೇಲೆ ಸಣ್ಣ ದನಿಯಲ್ಲಿ, "ಅದೂ ನನ್ನ ಹೆಸರು ಮೌಲಾಲಿ. ನಾನು ಕೈ ಹಚ್ಚಿದ್ರ ಸಂಜಿಗೆ ಬ್ಯಾರೆ ಮಾತಾಗ್ತೈತಿ. ನಿಮಗ ತಿಳೀದೇನು?" ಎಂದು ಏಣಿ ಹೊತ್ತು ಹೋದ.

ತಿಳಿಯಿತು. ಪಂಪಾಪತಿಗೂ ಮೊದಲೇ ತಿಳಿದಿತ್ತು, ಅದಕ್ಕೇ ಆ ಫೋಟೊ. ಭಕ್ತರು ದೇವರ ಕಾವಲಿನಲ್ಲಿ ಇರುತ್ತಾರೆಂದು ಕೇಳಿದ್ದೆ. ತಗಡಿನ ಪೆಟ್ಟಿಗೆ ಕಾಯಲು ದೇವರನ್ನೇ ನಿಲ್ಲಿಸುವ ಭಕ್ತನನ್ನು ಕಂಡದ್ದು ಅದೇ ಮೊದಲು.

ಇಷ್ಟಕ್ಕೇ ನಿಂತಿದ್ದರೆ ನಾನೂ ಗೊಣಗಿಕೊಂಡು ಸುಮ್ಮನಿರುತ್ತಿದ್ದೆ. ಆದರೆ ನಮ್ಮ ಕಡೆ ದೇವರ ಫೋಟೊ ಎಲ್ಲಿ ನಿಂತರೂ ಪೂಜೆ ತಾನಾಗಿಯೇ ನಡೆದು ಬರುತ್ತದೆ. ಮೊದಲ ಸೋಮವಾರ ಯಾರೋ ಊದಿನಕಡ್ಡಿ ಹಚ್ಚಿದರು. ಎರಡನೆಯ ಸೋಮವಾರ ಕಾಯಿ ಒಡೆದರು. ಮೂರನೆಯದಕ್ಕೆ ನಮ್ಮತ್ತೆ ಮಡಿಯುಟ್ಟು, ತಂಬಿಗೆಯಲ್ಲಿ ನೀರು ತುಂಬಿಕೊಂಡು ಹೋಗಿ ಕಂಬದ ಬುಡಕ್ಕೆ ಎರೆದು, ಒದ್ದೆ ಕೈಯಿಂದಲೇ ಕಂಬ ಮುಟ್ಟಿ ನಮಸ್ಕಾರ ಮಾಡಿದರು. ನಾನು ಒಲೆಯ ಮುಂದೆ ಇದ್ದೆ. ಅವರು ಒಳಗೆ ಬಂದಾಗ ಮುಖ ಬೆಳಗುತ್ತಿತ್ತು.

"ನೀಲಾ, ಕೈ ಜುಮ್ ಅಂತು. ಮೊಣಕೈ ತನಾ ಜುಮ್ ಅಂತು. ಬಸವಣ್ಣ ಜಾಗೃತ ಅದಾನ."

ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ನಮ್ಮ ಹಳೆಯ ಇಸ್ತ್ರಿ ಪೆಟ್ಟಿಗೆ ಮುಟ್ಟಿದರೂ ಹೀಗೇ ಜುಮ್ ಎನ್ನುತ್ತಿತ್ತು. ಅದರೊಳಗೆ ಯಾವ ದೇವರೂ ಇರಲಿಲ್ಲ.

ನಾನು ಒಲೆ ಆರಿಸಿ ಹೊರಗೆ ಬರುವಷ್ಟರಲ್ಲಿ ಸುದ್ದಿ ಓಣಿ ದಾಟಿತ್ತು. ಹೆಂಗಸರು ಒಬ್ಬೊಬ್ಬರೇ ತಂಬಿಗೆ ಹಿಡಿದು ಬರುತ್ತಿದ್ದರು. ಎಲ್ಲರಿಗೂ ಜುಮ್ ಎನ್ನಿಸಿಕೊಳ್ಳುವ ಆಸೆ. ನಾನು ಕಂಬದ ಮುಂದೆ ಅಡ್ಡ ನಿಂತು ಪಂಪಾಪತಿಗೆ ಫೋನು ಮಾಡಿದೆ.

"ನಿನ್ನ ಪೆಟ್ಟಿಗಿಯಿಂದ ಕಂಬಕ್ಕ ಕರೆಂಟ್ ಬರಾಕತ್ತೈತಿ. ಮುದುಕಿ ಸಾಯ್ತಿದ್ಲು. ಈಗಿಂದೀಗ ಬಂದು ಬಿಚ್ಚು."

"ಭಕ್ತಿ ಇದ್ದವರಿಗೆ ಹಂಗ ಆಗ್ತೈತ್ರಿ ಅಕ್ಕಾರ" ಎಂದ ಆ ಮನುಷ್ಯ. "ನಾನು ಬಳ್ಳಾರ್ಯಾಗ ಅದೀನಿ. ಸಂಜಿಗೆ ನೋಡೋಣ ತಗೋರಿ."

ಸಂಜೆಯವರೆಗೆ ಎಷ್ಟು ಕೈಗಳು ಕಂಬ ಮುಟ್ಟುತ್ತಿದ್ದವೋ. ಮೌಲಾಲಿಗೆ ಫೋನು ಮಾಡಿದೆ. ಅವನು ಒಂದು ಮಾತೂ ಕೇಳದೆ ಟ್ರಾನ್ಸ್‌ಫಾರ್ಮರಿನ ಹತ್ತಿರ ಓಡಿ ಇಡೀ ಓಣಿಯ ಲೈನು ತೆಗೆದ. ಆಮೇಲೆ ಬಂದು ಕಂಬಕ್ಕೆ ಟೆಸ್ಟರು ಹಚ್ಚಿ ನೋಡಿ, ನನಗೆ ತಲೆಯಾಡಿಸಿ, ದೂರ ಸರಿದು ನಿಂತ. ಮುಂದಿನದು ಅವನಿಂದ ಆಗುವುದಿಲ್ಲ ಎಂದು ನನಗೂ ಗೊತ್ತಿತ್ತು.

ಅತ್ತೆ ಸಿಟ್ಟಾಗಿದ್ದರು. "ಏ ನೀಲಾ, ಮನಿ ಮುಂದ ಪವಾಡ ಆಗೈತಿ, ನೀ ಲೈಟಿನವನನ್ನ ಕರಸ್ತೀಯೇನು? ನಿನಗ ದೇವರಾಗ ನಂಬಿಗಿ ಇಲ್ಲೇನು?"

ಮೂವತ್ತು ವರ್ಷದಿಂದ ದೀಪ ಹಚ್ಚದೆ ಬಾಯಿಗೆ ಚಹಾ ಸೋಕಿಸದವಳಿಗೆ ಈ ಮಾತು. ನುಂಗಿಕೊಂಡೆ. "ಅತ್ತಿ, ಈಗ ಒಮ್ಮೆ ಮುಟ್ರಿ" ಎಂದೆ.

ಅವರು ಮುಟ್ಟಿದರು. ಕೈಗೆ ತಂಬಿಗೆಯ ನೀರು ಹಾಕಿಕೊಂಡು ಮತ್ತೆ ಮುಟ್ಟಿದರು. ಎರಡೂ ಅಂಗೈ ಒತ್ತಿ, ಹಣೆ ಹಚ್ಚಿ, ಬಹಳ ಹೊತ್ತು ನಿಂತರು. ಹೆಂಗಸರೆಲ್ಲ ಅವರ ಮುಖವನ್ನೇ ನೋಡುತ್ತಿದ್ದರು.

"ಜುಮ್ ಅಂತೇನವ್ವಾ?" ಎಂದು ಹಿಂದಿನಿಂದ ಒಬ್ಬಳು ಕೇಳಿದಳು.

ಅತ್ತೆ ಕಂಬದಿಂದ ಹಣೆ ತೆಗೆದರು. ಸೆರಗಿನಿಂದ ಕೈ ಒರೆಸಿಕೊಂಡು ಒಮ್ಮೆ ಮೌಲಾಲಿಯನ್ನು ನೋಡಿದರು, ಒಮ್ಮೆ ಫೋಟೊ ನೋಡಿದರು. ನನ್ನ ಅತ್ತೆ ಶಾಲೆಯ ಮುಖ ಕಂಡವರಲ್ಲ. ಆದರೆ ಬಸವಣ್ಣ ಅವರಿಗೆ ಮನೆಯ ಮನುಷ್ಯನಿದ್ದ ಹಾಗೆ, ಅವನ ಸ್ವಭಾವ ಅವರಿಗೆ ಗೊತ್ತು.

"ಲೈಟ್ ತಗದ್ರ ಎದ್ದು ಹೋಗಾವನಲ್ಲ ನಮ್ಮ ಬಸವಣ್ಣ" ಎಂದರು ಕೊನೆಗೆ. "ಇದು ಬ್ಯಾರೆ ಏನೋ ಐತಿ. ಇವನನ್ನ ಇಲ್ಲಿ ಯಾಕ ನಿಲ್ಲಿಸ್ಯಾರ? ನಡಿ, ಮನಿಗೆ ಕರಕೊಂಡು ಹೋಗೋಣು."

ಅಷ್ಟು ಮಾತಿಗೇ ನಾನು ಕಾದಿದ್ದೆ. ಒಳಗಿನಿಂದ ಸ್ಟೂಲು ತಂದು ಹತ್ತಿದೆ. ಫೋಟೊ ಬಿಚ್ಚಿ ಹಿತ್ತಾಳೆಯ ತಟ್ಟೆಯಲ್ಲಿ ಇಟ್ಟೆ. ಹೊಸ್ತಿಲಲ್ಲಿ ಅತ್ತೆ ಅಕ್ಕಿ ಚೆಲ್ಲಿ, ಆರತಿ ಎತ್ತಿ, ಮದುವೆಯಾದ ಹೊಸದರಲ್ಲಿ ನನ್ನನ್ನು ಹೇಗೆ ಮನೆ ತುಂಬಿಸಿಕೊಂಡಿದ್ದರೋ ಹಾಗೇ ಬಸವಣ್ಣನನ್ನು ತುಂಬಿಸಿಕೊಂಡರು. ಅದರ ಹಿಂದೆಯೇ ಮೌಲಾಲಿ ಏಣಿ ಒರಗಿಸಿದ. ಈಗ ಅವನ ಮುಂದೆ ಬರೀ ತಗಡು.

ಪೆಟ್ಟಿಗೆ ಕೆಳಗಿಳಿದಾಗ ನೋಡಿದೆವು. ಕರೆಂಟು ಎಳೆದ ತಂತಿಯ ಮೇಲಿನ ಸಿಪ್ಪೆ ಉಜ್ಜಿ ಹೋಗಿ, ತಾಮ್ರ ಕಬ್ಬಿಣಕ್ಕೆ ತಾಗಿತ್ತು. ಫೋಟೊ ಕಟ್ಟಲು ಬಿಗಿದಿದ್ದ ತಂತಿಯೇ ಅದನ್ನು ಇಷ್ಟು ದಿನ ಕಂಬಕ್ಕೆ ಒತ್ತಿ ಹಿಡಿದಿತ್ತು.

ಪಂಪಾಪತಿ ಸಂಜೆಗಲ್ಲ, ಕೇಬಲ್ ಹೋಯಿತೆಂದು ಫೋನುಗಳು ಹೋದದ್ದೇ ತಡ, ಮಧ್ಯಾಹ್ನಕ್ಕೇ ಬಂದ. ಬಳ್ಳಾರಿ ಅಷ್ಟು ಬೇಗ ಹತ್ತಿರವಾಯಿತು. ಬೋಳು ಕಂಬದ ತುದಿ ನೋಡುತ್ತ, "ಅಕ್ಕಾರ, ದೇವರಿಗೆ ಕೈ ಹಚ್ಚೀರಿ. ಪಾಪ ಹತ್ತತೈತ್ರಿ" ಎಂದ.

"ಹತ್ತಲಿ ಬಿಡಪ್ಪಾ. ಅದಕ್ಕೂ ಆಫೀಸಿನಾಗ ಅರ್ಜಿ ಕೊಡ್ತೀನಿ" ಎಂದೆ. ಅತ್ತೆ ಒಳಗಿನಿಂದಲೇ, "ಅವನಿಗೆ ಚಹಾ ಕೊಡಬ್ಯಾಡ ನೀಲಾ" ಎಂದರು. ನಮ್ಮ ಮನೆಯಲ್ಲಿ ಅಂಥ ಮಾತು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ಆಮೇಲೆ ಅವನು ಊರಿನಿಂದ ಕಾಣೆಯಾದ. ಬೇರೆ ಯಾರೋ ಬಂದು ಕಂಪನಿಯ ಹೆಸರಿನ ಚೀಟಿ ಅಂಟಿಸಿದ ಕೇಬಲ್ಲನ್ನು, ಕರೆಂಟ್ ತಂತಿಯಿಂದ ದೂರ, ಏಣಿಯ ಕಡೆ ಬಿಟ್ಟು ಎಳೆದು ಹೋದರು. ಅತ್ತೆಯ ಪ್ರವಚನ ಈಗ ನಡುವೆ ನಿಲ್ಲುವುದಿಲ್ಲ. ಅವರ ಕೈ ನೆಟ್ಟಗಿದೆ, ಇನ್ನೂ ರೊಟ್ಟಿ ಬಡಿಯುತ್ತಾರೆ. ದಿನಾ ಬೆಳಿಗ್ಗೆ ಆ ಕೈಯನ್ನು ನೋಡಿ ನಾನು ಮನಸ್ಸಿನಲ್ಲೇ ಶರಣು ಅನ್ನುತ್ತೇನೆ.

ಅವನನ್ನು ಕೊನೆಯ ಸಲ ಕಂಡದ್ದು ಸಿರುಗುಪ್ಪದಲ್ಲಿ. ತಂಗಿಯ ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದೆ. ಓಣಿಯ ತಿರುವಿನಲ್ಲಿ ಒಂದು ಕಬ್ಬಿಣದ ಕಂಬ, ಕಂಬಕ್ಕೆ ಹೊಸ ಪೆಟ್ಟಿಗೆ, ಏಣಿಯ ಮೇಲೆ ಪಂಪಾಪತಿ. ಕಂಕುಳಲ್ಲಿ ಅಮ್ಮನವರ ಫೋಟೊ, ಹಲ್ಲಿನಲ್ಲಿ ಕಚ್ಚಿದ ತಂತಿ. ಎದುರು ಮನೆಯ ಕಟ್ಟೆಯ ಮೇಲೆ ಒಬ್ಬ ಮುದುಕಿ ಆಗಲೇ ಕೈ ಮುಗಿದು ಕುಳಿತಿದ್ದಳು. ಪಕ್ಕದಲ್ಲಿ ಒಂದು ತಂಬಿಗೆ.

ನಾನು ಏಣಿಯ ಬುಡದಲ್ಲಿ ನಿಂತೆ. "ಪಂಪಾಪತಿ" ಎಂದೆ.

ಮೇಲೆ ಹತ್ತಿದವನಿಗೆ ನೋಡಲು ಇನ್ನೂ ಮೇಲೆ ಏನೂ ಉಳಿದಿರಲಿಲ್ಲ. ಬಗ್ಗಿ ಕೆಳಗೆ ನೋಡಿದ. ಅಷ್ಟು ವರ್ಷಗಳಲ್ಲಿ ಅವನು ನನ್ನ ಮುಖ ನೋಡಿದ್ದು ಅದೇ ಮೊದಲು. ದನಿಯಿಂದಲೇ ಇರಬೇಕು, ಗುರುತು ಹಿಡಿಯಲು ತಡವಾಗಲಿಲ್ಲ.

"ಅಮ್ಮನವರನ್ನ ಇತ್ತ ಕೊಡು" ಎಂದು ಸೆರಗು ಒಡ್ಡಿದೆ. "ಇಲ್ಲಾಂದ್ರ ಈ ಅಜ್ಜಿಗೆ ನಮ್ಮತ್ತಿ ಕಥಿ ಹೇಳ್ತೀನಿ. ಗಟ್ಟಿಯಾಗಿ ಹೇಳ್ತೀನಿ."

ಅವನು ಓಣಿಯ ಉದ್ದಕ್ಕೂ ಒಮ್ಮೆ ನೋಡಿದ. ಹಲ್ಲಿನಿಂದ ತಂತಿ ತೆಗೆದ. ಎರಡು ಮೆಟ್ಟಿಲು ಇಳಿದು ಫೋಟೊ ನನ್ನ ಸೆರಗಿಗೆ ಬಿಟ್ಟ. ಮುದುಕಿಗೆ ನಾನು ಕಥೆ ಹೇಳಿಯೇ ಹೋದೆ, ಅವನ ಮೇಲೆ ಅಷ್ಟು ನಂಬಿಕೆ ನನಗಿಲ್ಲ. ಅವಳು ತಂಬಿಗೆ ಎತ್ತಿಕೊಂಡು ಒಳಗೆ ನಡೆದಳು.

ಬಸ್ಸಿನಲ್ಲಿ ಅಮ್ಮನವರನ್ನು ತೊಡೆಯ ಮೇಲೆ ಕೂರಿಸಿಕೊಂಡು ಕುರುಗೋಡಿಗೆ ಬಂದೆ. ಕಿಟಕಿಯ ಪಕ್ಕದ ಸೀಟು ಸಿಕ್ಕಿತ್ತು, ಅದೂ ಅವಳದೇ ದಯೆ. ಈಗ ನಮ್ಮ ದೇವರ ಗೂಡಿನಲ್ಲಿ ಇಬ್ಬರೂ ಅಕ್ಕಪಕ್ಕ ಇದ್ದಾರೆ. ಅತ್ತೆ ಹೂವು ಏರಿಸುವಾಗ ಇಬ್ಬರನ್ನೂ ಸ್ವಲ್ಪ ಎಡಕ್ಕೆ ಸರಿಸಿ, ಬಲಗಡೆ ಒಂದು ಫೋಟೊ ಹಿಡಿಯುವಷ್ಟು ಜಾಗ ಖಾಲಿ ಬಿಡುತ್ತಾರೆ. ಯಾಕೆಂದು ನಾನು ಕೇಳಿಲ್ಲ. ಪಂಪಾಪತಿ ಇನ್ನೂ ಬದುಕಿದ್ದಾನೆ, ಜಿಲ್ಲೆಯಲ್ಲಿ ಕಂಬಗಳೂ ಬಹಳ ಇವೆ.