ತೋಳು ಅಳೆಯುವ ಬಾಯಮ್ಮ

೧೯೯೩ರಲ್ಲಿ, ಏಳನೇ ತರಗತಿಯ ಮಧ್ಯದಲ್ಲಿ, ನಾನು ಶಾಲೆ ಬಿಟ್ಟೆ. ಇದನ್ನು ಯಾರಿಗೂ ಮುಚ್ಚಿಟ್ಟವನಲ್ಲ. ದುಬೈಯ ಕರಾಮದಲ್ಲಿರುವ ನನ್ನ ಪ್ರಿಂಟಿಂಗ್ ಅಂಗಡಿಗೆ ಬರುವ ಇಂಜಿನಿಯರುಗಳು, ಮ್ಯಾನೇಜರುಗಳು ತಮ್ಮ ಕಾಗದವನ್ನು ಮುಂದಿಟ್ಟು "ಸ್ವಲ್ಪ ನೋಡಿ ಸರಿ ಮಾಡು ಶೇಖರ" ಎನ್ನುವಾಗ ನನಗೆ ಒಳಗೊಳಗೇ ಖುಷಿ. ಯಾಕೆ ಶಾಲೆ ಬಿಟ್ಟೆ ಎಂದು ಕೇಳಿದವರು ಬಹಳ ಜನ. ನಾನು ಕೊಟ್ಟ ಉತ್ತರವನ್ನು "ಇದಲ್ಲ" ಎಂದು ಎರಡು ಸಲ ವಾಪಸು ಮಾಡಿದವರು ಮಾತ್ರ ಜುಲಿಯಾನಾ ಬಾಯಿ ಒಬ್ಬರೇ.

ಕರಾಮದ ನಮ್ಮ ಕಡೆಯವರಿಗೆಲ್ಲ ಅವರು ತೋಳು ಅಳೆಯುವ ಬಾಯಮ್ಮ. ಕುಳ್ಳಗೆ, ಗಟ್ಟಿಯಾಗಿ, ಎಂಥ ಸೆಕೆಯಲ್ಲೂ ತೋಳು ತುಂಬ ಅಂಗಿ ತೊಟ್ಟು, ಹೆಗಲಿಗೆ ಕ್ಯಾನ್ವಾಸ್ ಚೀಲ ಹಾಕಿಕೊಂಡು ಬಸ್ಸಿನಿಂದ ಇಳಿದು ಬರುತ್ತಿದ್ದರು. ಚೀಲದಲ್ಲಿ ಕೆಂಪು, ಹಳದಿ, ಹಸಿರು ಬಣ್ಣಗಳ ಒಂದು ಗೇಣಿನ ಟೇಪು ಸದಾ ಇರುತ್ತಿತ್ತು. ಹೋಟೆಲಿನಲ್ಲಿ ಪಕ್ಕದ ಮೇಜಿನಲ್ಲಿ ಸಣ್ಣ ಮಗು ಕಂಡರೆ ಸಾಕು, ದೋಸೆ ಅಲ್ಲೇ ಬಿಟ್ಟು ಎದ್ದು ಹೋಗಿ ಎಡತೋಳಿಗೆ ಟೇಪು ಸುತ್ತುವರು. ಹನ್ನೊಂದೂವರೆ ಸೆಂಟಿಮೀಟರಿಗಿಂತ ಕಡಿಮೆ ಬಂದರೆ ಕೆಂಪು, ಮಗು ಅಪಾಯದಲ್ಲಿದೆ ಎಂದು. ಅದರ ಮೇಲೆ ಹಳದಿ. ಹನ್ನೆರಡೂವರೆ ದಾಟಿದರೆ ಹಸಿರು.

ಒಮ್ಮೆ ಒಬ್ಬಾಕೆ ಸಿಟ್ಟಿಗೆದ್ದಳು. "ಎಂತ ಬಾಯಮ್ಮ, ನಮ್ಮ ಮನೆಯಲ್ಲಿ ಮಗುವಿಗೆ ಊಟ ಕೊಡುದಿಲ್ಲ ಅಂತ ನಿಮ್ಗೆ ಯಾರು ಹೇಳಿದ್ದು?"

"ಇಲ್ಲ ಮಗಾ, ನಿನ್ನದು ಹಸಿರೇ. ನನ್ನ ಕೈಗೆ ಅಭ್ಯಾಸ ತಪ್ಪಬಾರದಲ್ಲ, ಅದಕ್ಕೆ" ಎಂದು ನಕ್ಕರು. ಮಗು ತೋಳು ನೋಡಿಕೊಂಡು "ಆಮ್ ಐ ಗ್ರೀನ್, ಆಂಟಿ?" ಎಂದಿತು. "ಪಾಲಕ್ ಹಾಗೆ ಗ್ರೀನ್!" ಎಂದರು ಬಾಯಮ್ಮ. ತಾಯಿಯೂ ನಗಬೇಕಾಯಿತು.

ಬಾಯಮ್ಮನ ಊರು ಕಿನ್ನಿಗೋಳಿ ಕಡೆ. ಮಂಗಳೂರಿನಲ್ಲಿ ನರ್ಸಿಂಗ್ ಕಲಿತು, ಇಪ್ಪತ್ತನಾಲ್ಕನೇ ವಯಸ್ಸಿಗೆ ಟಾಂಜಾನಿಯಾದ ದೊಡ್ಡ ಸರೋವರದ ದಡದ ಒಂದು ಸಣ್ಣ ಆಸ್ಪತ್ರೆಗೆ ಹೋದವರು. ಅಲ್ಲೇ ಹದಿನೈದು ವರ್ಷ. ಆಮೇಲೆ ಓದಿ ಡಾಕ್ಟರೇಟ್ ಮಾಡಿದರು. ಆಫ್ರಿಕಾದ ಹಳ್ಳಿಗಳ ಶಿಕ್ಷಣ, ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಸಣ್ಣ ಸಂಸ್ಥೆಯೊಂದನ್ನು ಸೇರಿದರು, ಅದರ ಕಚೇರಿ ದುಬೈಯಲ್ಲಿತ್ತು. ನಾಲ್ಕು ತಿಂಗಳು ಇಲ್ಲಿ, ಎರಡು ತಿಂಗಳು ಅಲ್ಲಿ ಎಂದು ಓಡಾಡುತ್ತಿದ್ದರು. ನಿಮ್ಮ ಸಂಶೋಧನೆ ಎಂಥದ್ದು ಎಂದು ಕೇಳಿದ್ದಕ್ಕೆ ಒಮ್ಮೆ ಹೇಳಿದರು: "ಬೆಂಚಿನ ಮೇಲೆ ಕೂತ ಮಕ್ಕಳನ್ನು ಎಣಿಸ್ಲಿಕ್ಕೆ ಸರ್ಕಾರದವರು ಇದ್ದಾರೆ. ಬೆಂಚಿನವರೆಗೆ ಬಾರದವರು ಎಲ್ಲಿ ಉಳಿದ್ರು, ಯಾಕೆ ಉಳಿದ್ರು ಅಂತ ನೋಡುದು ನನ್ನ ಕೆಲಸ." ಹುಟ್ಟಿದ ಮೊದಲ ವರ್ಷಗಳಲ್ಲಿ ಹೊಟ್ಟೆಗೆ ಸಾಕಷ್ಟು ಅನ್ನ ಬೀಳದ ಮಗು ಮುಂದೆ ಶಾಲೆಯಲ್ಲಿ ನಿಲ್ಲುವುದು ಕಷ್ಟ ಎಂಬುದು ಅವರ ಅನುಭವ. ಅದನ್ನು ಅಳತೆಯಿಂದ ತೋರಿಸಬೇಕೆಂಬುದು ಹಟ.

ಅವರ ಪ್ರಶ್ನೆಪತ್ರಿಕೆಗಳನ್ನು ಮುದ್ರಿಸುತ್ತಿದ್ದವನು ನಾನು. ಒಂದು ದಿನ ಹಾಳೆ ಜೋಡಿಸುತ್ತಾ ನೋಡಿದೆ: 'ಮಗು ಶಾಲೆ ಬಿಟ್ಟ ಕಾರಣ' ಎಂಬುದರ ಕೆಳಗೆ ಮೊದಲನೆಯದೇ 'ಆಸಕ್ತಿ ಇಲ್ಲ'.

"ಬಾಯಮ್ಮ, ಇದನ್ನು ಮೊದಲು ಇಟ್ಟರೆ ಎಲ್ಲರೂ ಇದನ್ನೇ ಹೇಳ್ತಾರೆ" ಎಂದೆ.

"ಯಾಕೆ?"

"ಹೇಳ್ಲಿಕ್ಕೆ ಸುಲಭ. ನಾನೂ ಹಾಗೇ ಹೇಳುದು."

ಅವರು ಚೀಲ ಕೆಳಗಿಟ್ಟು ಸ್ಟೂಲಿನ ಮೇಲೆ ಕೂತರು. "ನೀನು ಯಾಕೆ ಬಿಟ್ಟದ್ದು?"

"ಓದು ತಲೆಗೆ ಹತ್ತಲಿಲ್ಲ."

"ಇದಲ್ಲ."

"ಮಾಸ್ಟ್ರು ಹೊಡೆದ್ರು."

"ಇದೂ ಅಲ್ಲ ಮಾರಾಯ. ಹೊಡೆತ ತಿಂದು ಓದಿದವರೇ ಊರು ತುಂಬ ಇದ್ದಾರೆ."

ಕಡೆಗೆ ಹೇಳಿದೆ. ಅಮ್ಮ ಬೀಡಿ ಕಟ್ಟುತ್ತಿದ್ದಳು. ತಂಗಿಗೆ ಆಗ ಒಂದು ವರ್ಷ. ಅವಳನ್ನು ಎತ್ತಿಕೊಂಡಿರಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅಷ್ಟೇ. ಬಾಯಮ್ಮ ಅಯ್ಯೋ ಎನ್ನಲಿಲ್ಲ, ತಲೆ ಸವರಲಿಲ್ಲ. ಪೆನ್ನು ತೆಗೆದು 'ಆಸಕ್ತಿ ಇಲ್ಲ' ಎಂಬುದನ್ನು ಹೊಡೆದು ಕೊನೆಗೆ ಹಾಕಿದರು. ಮೊದಲ ಸಾಲಿನಲ್ಲಿ 'ಚಿಕ್ಕ ಮಗುವನ್ನು ನೋಡಿಕೊಳ್ಳಲು' ಎಂದು ಬರೆದರು. "ಹೊಸದಾಗಿ ಪ್ರಿಂಟ್ ಹಾಕು" ಎಂದರು. ಆ ದಿನದಿಂದ ನಾನು ಅವರ ಕೆಲಸವನ್ನು ಅರ್ಧ ನನ್ನದೆಂದೇ ತಿಳಿದುಕೊಂಡೆ. ಆ ಜಂಬವೇ ಮುಂದೆ ನನ್ನನ್ನು ಕೆಡಿಸಿದ್ದು.

ಆ ಟೇಪುಗಳು ಯಾವಾಗಲೂ ಹೊರದೇಶದಿಂದ ತಯಾರಾಗಿ ಬರುತ್ತಿದ್ದವು. ಆ ವರ್ಷ ಬರಲಿಲ್ಲ. ಸರೋವರದ ಹಳ್ಳಿಗಳಲ್ಲಿ ಅಳೆಯುವ ಕೆಲಸ ಶುರುವಾಗಲು ಐದು ದಿನ ಉಳಿದಿತ್ತು. ಮಳೆ ಹಿಡಿದರೆ ದಾರಿ ಮುಚ್ಚುತ್ತದೆ. ಬಾಯಮ್ಮ ಅಂಗಡಿಗೆ ಬಂದು ಹರಿಯದ ಪ್ಲಾಸ್ಟಿಕ್ ಕಾಗದದ ಮೇಲೆ ನಾನೂರು ಟೇಪು ಮುದ್ರಿಸಲು ಹೇಳಿದರು. ಸ್ಟೀಲಿನ ಸ್ಕೇಲೊಂದನ್ನು ಮೇಜಿನ ಮೇಲೆ ಇಟ್ಟರು.

"ಹಾಳೆ ಹಾಳೆಯೂ ಇದರಲ್ಲಿ ಅಳೆದು ನೋಡು. ಮೊದಲಿನದ್ದು ಮಾತ್ರ ಅಲ್ಲ."

"ಬಾಯಮ್ಮ, ಇಪ್ಪತ್ತು ವರ್ಷ ಆಯ್ತು ನನಗೆ ಈ ಕೆಲಸದಲ್ಲಿ."

"ಮಗುವಿಗೆ ಒಂದೇ ವರ್ಷ ಆಗಿರ್ತದೆ" ಎಂದು ಹೇಳಿ ಹೋದರು.

ಮೊದಲ ಹಾಳೆ ಅಳೆದೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಅರ್ಧ ಆಗುವಾಗ ಕಾಗದ ಸಿಕ್ಕಿಕೊಂಡು ಯಂತ್ರ ನಿಂತಿತು. ಬಿಡಿಸಿ, ಕಂಪ್ಯೂಟರ್ ಮತ್ತೆ ಶುರು ಮಾಡಿ, ಉಳಿದದ್ದನ್ನು ಹೊಡೆದೆ. ಹಾಳೆಗಳನ್ನು ಒಟ್ಟು ಮಾಡಿ, ಕಲೆ ಬಿದ್ದವನ್ನು ಆರಿಸಿ ತೆಗೆದು, ಕಟ್ಟು ಮಾಡಿ ಕಟ್ಟರಿನಲ್ಲಿ ಕತ್ತರಿಸಿದೆ. ಎಲ್ಲಿ ಕತ್ತರಿಸಬೇಕೆಂದು ಮೂಲೆಯಲ್ಲಿರುವ ಗುರುತು ಮೇಲಿನ ಹಾಳೆಯದ್ದು ಮಾತ್ರ ಕಾಣುತ್ತದೆ, ಅಡಿಯದ್ದು ಕಾಣುವುದಿಲ್ಲ. ಸಂಜೆಗೆ ಬಾಯಮ್ಮನ ಸಹಾಯಕ ಬರಾಕಾ ಬಂದು ಪೆಟ್ಟಿಗೆ ಒಯ್ದ. ಮರುದಿನ ಮಧ್ಯಾಹ್ನದ ವಿಮಾನದಲ್ಲಿ ಅದನ್ನು ಹಿಡಿದು ಟಾಂಜಾನಿಯಾದ ತನ್ನ ಊರಿಗೆ ಹೋಗುವವನು ಅವನೇ.

ಮರುದಿನ ಬೆಳಿಗ್ಗೆ ಕಸದ ಡಬ್ಬಿ ಖಾಲಿ ಮಾಡುವಾಗ ಕತ್ತರಿಸಿ ಉಳಿದ ಅಂಚಿನ ಪಟ್ಟಿಗಳು ಕೈಗೆ ಬಂದವು. ಕೆಲವದರಲ್ಲಿ ಮೂಲೆಯ ಗುರುತು ಇರಬೇಕಾದ ಜಾಗದಲ್ಲಿ ಇರಲಿಲ್ಲ. ಕಲೆ ಬಿದ್ದದ್ದೆಂದು ತೆಗೆದಿಟ್ಟ ಒಂದು ಹಾಳೆಯನ್ನು ಸ್ಕೇಲಿಗೆ ಹಿಡಿದೆ. ಹನ್ನೊಂದೂವರೆ ಎಂದು ಬರೆದ ಗೆರೆ ಹನ್ನೊಂದೂವರೆಯಲ್ಲಿ ಇಲ್ಲ. ಮತ್ತೆ ಶುರು ಮಾಡಿದಾಗ ಕಂಪ್ಯೂಟರ್ ತನ್ನಷ್ಟಕ್ಕೇ ಚಿತ್ರವನ್ನು ಹಾಳೆಯ ಅಂಚಿನೊಳಗೆ ಕೂರಿಸಿ, ಶೇಕಡಾ ನೂರರ ಅಳತೆಯನ್ನು ತೊಂಬತ್ತೇಳಕ್ಕೆ ಇಳಿಸಿಬಿಟ್ಟಿತ್ತು.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಸ್ವಲ್ಪ ಹೊತ್ತು ಸ್ಕೇಲು ಹಿಡಿದುಕೊಂಡೇ ಕೂತಿದ್ದೆ. ಆಮೇಲೆ ಫೋನ್ ಮಾಡಿದೆ. ಬಾಯಮ್ಮ ಅಬುಧಾಬಿಯಲ್ಲಿ, ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ತಂಗಿಯ ಮಗಳ ಮನೆಯಲ್ಲಿದ್ದರು.

"ಬಾಯಮ್ಮ, ಟೇಪಲ್ಲಿ ತಪ್ಪುಂಟು. ಅರ್ಧದಷ್ಟು."

"ಎಷ್ಟು ತಪ್ಪು?"

"ಮೂರೂವರೆ ಮಿಲಿಮೀಟರ್."

"ಯಾವ ಕಡೆಗೆ?"

"ಗೆರೆ ಹತ್ತಿರ ಬಂದಿದೆ. ತೋಳು ಇದ್ದದ್ದಕ್ಕಿಂತ ದಪ್ಪ ತೋರಿಸ್ತದೆ."

ಅವರು ಮೆಲ್ಲಗೆ, "ಹಾಗಾದ್ರೆ ಕೆಂಪು ಮಗು ಹಳದಿ ಆಗ್ತದೆ. ಹಳದಿ ಅಂದ್ರೆ ಮನೆಗೆ ಕಳಿಸ್ತಾರೆ ಶೇಖರ. ಆಸ್ಪತ್ರೆಗೆ ಸೇರಿಸುದಿಲ್ಲ" ಎಂದರು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. "ಬರಾಕಾ ಏರ್‌ಪೋರ್ಟಿಗೆ ಹೊರಟಾಯ್ತು. ಅಲ್ಲಿ ಒಂದೊಂದು ಹಳ್ಳಿಗೆ ಒಂದೊಂದು ಬೇಕು, ಕಡಿಮೆ ಅಂದ್ರೆ ನೂರ ಅರವತ್ತು. ನೀನು ಹೋಗು. ಅಳೆದದ್ದನ್ನು ಮಾತ್ರ ಕಳಿಸು. ಅಳೆಯದ್ದು ಒಂದೂ ಬೇಡ. ಯಲ್ಲಾ, ಓಡು."

ಅಂಗಡಿ ಮುಚ್ಚಿ, ಸ್ಕೇಲು ಹಿಡಿದು ಟ್ಯಾಕ್ಸಿ ಹತ್ತಿದೆ. ಬರಾಕಾ ಏರ್‌ಪೋರ್ಟಿನ ಬಾಗಿಲ ಹತ್ತಿರ ನನಗಾಗಿ ಕಾಯುತ್ತಾ ಪೆಟ್ಟಿಗೆಯ ಮೇಲೆ ಕೂತಿದ್ದ. ನೀಳ ಕಾಲಿನ, ಯಾವುದಕ್ಕೂ ಗಾಬರಿಯಾಗದ ಆಸಾಮಿ. ಚೆಕ್-ಇನ್ ಮುಚ್ಚಲು ನಲವತ್ತು ನಿಮಿಷ. ಇರುವುದು ಒಂದೇ ಸ್ಕೇಲು. ನೆಲದ ಮೇಲೆ ಕೂತೆವು. ಅವನು ಟೇಪು ಕೊಡುವುದು, ನಾನು ಸೊನ್ನೆಗೆ ಸೊನ್ನೆ ಕೂಡಿಸಿ ಕೆಂಪು ಗೆರೆ ನೋಡುವುದು. ಸರಿಯಾದದ್ದು ಬಲಕ್ಕೆ, ತಪ್ಪಿದ್ದು ಎಡಕ್ಕೆ. ಪ್ಲಾಸ್ಟಿಕ್ ಟೇಪು ಸುರುಳಿಯಾಗಿ ಏಳುತ್ತದೆ, ಒತ್ತಿ ಹಿಡಿಯಬೇಕು. ನಾನು ಅವನ ಕೈಯಿಂದ ಟೇಪು ಕಿತ್ತುಕೊಳ್ಳುತ್ತಿದ್ದೆ. "ಪೋಲೆ ಪೋಲೆ, ಬ್ರದರ್" ಎಂದ ಬರಾಕಾ, ನಿಧಾನ ನಿಧಾನ ಎಂದು. ನಿಧಾನ ಮಾಡಲು ಹೊತ್ತೆಲ್ಲಿದೆ?

ಬಲಗಡೆ ನೂರೈವತ್ತು ಆಗುವಾಗ ಅವನು ಎದ್ದು ನಿಂತ. ಕೌಂಟರಿನವರು ಕರೆಯುತ್ತಿದ್ದರು. ಇನ್ನೂ ಹತ್ತು ಬೇಕು. ನಾನು ಅಳೆಯದ ರಾಶಿಯಿಂದ ಹತ್ತನ್ನು ಒಂದೊಂದಾಗಿ ಬೆಳಕಿಗೆ ಹಿಡಿದು, ಕಣ್ಣಳತೆಯಲ್ಲೇ ಆರಿಸಿ ಕೊಟ್ಟೆ. ಇಪ್ಪತ್ತು ವರ್ಷದ ಕಣ್ಣು, ಇಷ್ಟೂ ತಿಳಿಯದೇ ಎಂದುಕೊಂಡೆ. ಬರಾಕಾ ಓಡಿದ.

ಫೋನ್ ಬಂತು. "ಎಲ್ಲ ಅಳೆದದ್ದಾ?"

"ಎಲ್ಲ ಅಳೆದದ್ದೇ, ಬಾಯಮ್ಮ."

ಆಮೇಲಿನ ಏಳು ತಿಂಗಳು ಅವರು ಹೆಚ್ಚಾಗಿ ಅಲ್ಲೇ ಇದ್ದರು. ನನ್ನ ತಲೆಯಲ್ಲಿ ದಿನವೂ ಆ ಹತ್ತು ಟೇಪು. ವಿಸಿಟಿಂಗ್ ಕಾರ್ಡು ಕತ್ತರಿಸುವಾಗಲೂ ಅದೇ. ಫೋನ್ ಮಾಡಿ ಕೇಳಲು ಧೈರ್ಯವಿಲ್ಲ, ಕೇಳಿದರೆ ಯಾಕೆ ಕೇಳುತ್ತೀ ಎನ್ನುತ್ತಾರೆ. ಅಂಗಡಿಯಲ್ಲಿ ಗಿರಾಕಿಗಳ ಮೇಲೆ ಸುಮ್ಮನೆ ರೇಗುತ್ತಿದ್ದೆ.

ಒಂದು ಬೆಳಿಗ್ಗೆ ಬಾಯಮ್ಮ ಬಂದರು. ಬಿಸಿಲಿಗೆ ಕಪ್ಪಾಗಿದ್ದರು, ಸೊರಗಿದ್ದರು. ದುಬೈ ಕಚೇರಿ ಮುಚ್ಚುತ್ತಿತ್ತು, ವೀಸಾ ಕ್ಯಾನ್ಸಲ್ ಆಗಿತ್ತು. ಇನ್ನು ಆ ಸರೋವರದ ದಡದಲ್ಲೇ ಇರುವುದೆಂದು ತೀರ್ಮಾನಿಸಿದ್ದರು. ಪೆನ್‌ಡ್ರೈವ್ ಕೊಟ್ಟು, ವರದಿಯ ಮೂರು ಪ್ರತಿ ಮುದ್ರಿಸಿ ಬೈಂಡ್ ಮಾಡಲು ಹೇಳಿದರು. ಸ್ಟೂಲಿನಲ್ಲಿ ಕೂತು ಚಹಾ ಕುಡಿಯುತ್ತಾ, ಹವಾಮಾನದ ಮಾತಾಡಿದ ಹಾಗೆ ಹೇಳಿದರು:

"ಒಂದು ಟೇಪು ತಪ್ಪಿದ್ದು ಹೋಗಿತ್ತು ಶೇಖರ."

ನಾನು ಯಂತ್ರದ ಕಡೆ ತಿರುಗಿ ನಿಂತೆ.

"ವಾರಕ್ಕೊಮ್ಮೆ ಎಲ್ಲ ಟೇಪು ಮರದ ಅಳತೆಗೋಲಿಗೆ ಹಿಡಿದು ನೋಡ್ತೇವೆ. ಆಗ ಸಿಕ್ಕಿತು. ಅಷ್ಟರಲ್ಲಿ ಅದರಲ್ಲಿ ಇಪ್ಪತ್ತಾರು ಮಕ್ಕಳನ್ನು ಅಳೆದಿದ್ರು. ಬರಾಕಾ ಮನೆಮನೆಗೆ ಹೋಗಿ ಪುನಃ ಅಳೆದ. ಇಪ್ಪತ್ತೈದು ಸಿಕ್ಕಿದ್ರು. ಅದರಲ್ಲಿ ಇಬ್ಬರು ಕೆಂಪು, ಆಸ್ಪತ್ರೆಗೆ ಸೇರಿಸಿದೆವು, ಚೇತರಿಸಿಕೊಂಡ್ರು. ಒಂದು ಹೆಣ್ಣು ಮಗು ಸಿಗಲಿಲ್ಲ. ಮೀನು ಹಿಡಿಯುವ ಕಾಲ, ತಾಯಿ ಎತ್ತಿಕೊಂಡು ಬೇರೆ ದಡಕ್ಕೆ ಹೋಗಿದ್ದಾಳೆ. ಹಳದಿ ಅಂತ ಬರೆದದ್ದು, ಆದ್ರೆ ಗೆರೆಯ ಹತ್ತಿರವೇ."

"ಅಂದ್ರೆ ಕೆಂಪು."

"ಹೌದು."

"ಬದುಕಿದ್ದಾಳಾ?"

"ಗೊತ್ತಿಲ್ಲ." ಲೋಟ ಕೆಳಗಿಟ್ಟರು. "ನೀನು ಅಳೆಯುವಾಗ ಸ್ಕೇಲು ಜಾರಿರಬೇಕು. ಹಾಗೆ ಅಂತ ವರದಿಯಲ್ಲಿ ಬರೆದಿದ್ದೇನೆ."

ಒಪ್ಪಿಕೊಳ್ಳಲು ಅವರು ದಾರಿ ಬಿಟ್ಟುಕೊಟ್ಟಿದ್ದರೋ, ತಪ್ಪಿಸಿಕೊಳ್ಳಲೋ, ಇವತ್ತಿಗೂ ನನಗೆ ತಿಳಿದಿಲ್ಲ. "ಜಾರಿದ್ದಲ್ಲ ಬಾಯಮ್ಮ" ಎಂದೆ. "ಕೊನೆಯ ಹತ್ತು ನಾನು ಅಳೆಯಲೇ ಇಲ್ಲ. ಕಣ್ಣಲ್ಲಿ ನೋಡಿ ಕೊಟ್ಟೆ. ನಿಮ್ಮ ಹತ್ರ ಸುಳ್ಳು ಹೇಳಿದ್ದು."

ಅಷ್ಟು ವರ್ಷದಲ್ಲಿ ಮೊದಲ ಸಲ ಅವರ ಮುಖದಲ್ಲಿ ಸಿಟ್ಟು ಕಂಡೆ. "ಅಳೆಯದ್ದು ಒಂದೂ ಬೇಡ ಅಂತ ಹೇಳಿದ್ದೆ. ನೂರೈವತ್ತರಲ್ಲೇ ನಾನು ಹೇಗಾದ್ರೂ ಮಾಡ್ತಿದ್ದೆ" ಎಂದರು. ಆಮೇಲೆ ಎದ್ದು, ಕುರ್ಚಿಯನ್ನು ಕಂಪ್ಯೂಟರಿನ ಮುಂದೆ ಎಳೆದು ಹಾಕಿ, "ಕೂತ್ಕೋ. ಆ ಪುಟ ತೆಗೆ. ಸರಿ ಮಾಡು" ಎಂದರು.

"ನನ್ನ ಇಂಗ್ಲಿಷ್—"

"ನಿನ್ನದೇ ಸಾಕು."

'ಹತ್ತು ಟೇಪುಗಳನ್ನು ಕಣ್ಣಳತೆಯಲ್ಲಿ ಆರಿಸಲಾಗಿತ್ತು' ಎಂದು ಒಂದೊಂದೇ ಅಕ್ಷರ ಒತ್ತಿ ಬರೆದೆ. ಹೆಗಲ ಮೇಲಿಂದ ಬಗ್ಗಿ ಓದಿ, "ಯಾರ ಕಣ್ಣು ಅಂತ ಹಾಕು" ಎಂದರು. ಹಾಕಿದೆ. ಮೂರು ಪ್ರತಿಯನ್ನೂ ಬೈಂಡ್ ಮಾಡಿ ಕೊಟ್ಟೆ. ಎರಡನ್ನು ಚೀಲಕ್ಕೆ ತುಂಬಿದರು. ಮೂರನೆಯದನ್ನು ಕೌಂಟರಿನ ಮೇಲೆ ಬಿಟ್ಟು, "ಸಿಕ್ಕಿದ್ರೆ ಹೇಳ್ತೇನೆ" ಎಂದು ಬಸ್ ಸ್ಟಾಪಿನ ಕಡೆ ನಡೆದರು.

ಎರಡು ವರ್ಷವಾಯಿತು. ಫೋನ್ ಬಂದಿಲ್ಲ. ಈಗ ನನ್ನಲ್ಲಿ ಎರಡು ಮುದ್ರಣ ಯಂತ್ರ, ಒಂದು ಕಟ್ಟರ್, ನಾಲ್ಕು ಜನ ಕೆಲಸದವರು, ಊರಲ್ಲಿ ಹೆಂಡತಿ, ಕಾಲೇಜು ಓದುವ ಇಬ್ಬರು ಮಕ್ಕಳು, ಇಂಗ್ಲಿಷಿನಲ್ಲಿ ನಾನು ಬರೆದ ಒಂದು ಸಾಲು ಇರುವ ಒಂದು ವರದಿ, ಮತ್ತು ಲೆಕ್ಕಕ್ಕೆ ಸಿಗದ ಒಂದು ಮಗು.