ಅಕ್ಕ ಆರಿಸಿದ ಕಲ್ಲು

ನಾನು ಹಾಲಿನವನ ಎದುರೇ ಹಾಲಿಗೆ ಬೆರಳದ್ದಿ ನೋಡುವ ಜಾತಿ. ಅತಿ ವಿನಯ ಧೂರ್ತ ಲಕ್ಷಣ ಎಂಬ ಮಾತನ್ನು ಪೂರ್ತಿ ನಂಬಿದವನು. ಆದ್ದರಿಂದ ನನ್ನ ಹೆಂಡತಿ ಗಿರಿಜೆ ಕರೆಸಿದ ತೋಟದ ವಿನ್ಯಾಸಗಾರ, ಚಿತ್ರದುರ್ಗದ ನಮ್ಮ ಹೊಸ ಮನೆಯ ಮುಂದೆ ನಿಂತು ಮಾತಿಗೆರಡು ಸಲ 'ಸಾರ್' ಅಂದಾಗಲೇ ನನ್ನ ಕಿವಿ ನಿಮಿರಿತು.

'ಇಲ್ಲಿಗೆ ಮೆಡಿಟರೇನಿಯನ್ ಗಾರ್ಡನ್ನೇ ಸರಿ ಸಾರ್' ಅಂದ. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡುಗಳಲ್ಲೂ ಬೇಸಿಗೆ ಒಣ, ನೆಲ ಕಲ್ಲು. ಅಲ್ಲಿಯವರು ಹುಲ್ಲುಹಾಸಿನ ಗೊಡವೆಗೆ ಹೋಗದೆ ಕಲ್ಲು ಹರಡಿ, ನಡುವೆ ದಾಳಿಂಬೆ, ಅಂಜೂರ, ಕತ್ತಾಳೆ ನೆಡುತ್ತಾರಂತೆ. ತೋಟ ಮನೆಗೂ ಹೊಂದಬೇಕಂತೆ, ಹಿಂದಿನ ಗುಡ್ಡಕ್ಕೂ ಹೊಂದಬೇಕಂತೆ. ಅವನ ಸುಳ್ಳು ಹಿಡಿಯಲೆಂದೇ ಪುಸ್ತಕ ತಿರುವಿದೆ. ಕತ್ತಾಳೆ ಮೆಕ್ಸಿಕೊದ್ದು, ದಾಳಿಂಬೆ ಪರ್ಷಿಯಾ ಕಡೆಯದು. ಆ ಸಮುದ್ರಕ್ಕೂ ನಮ್ಮ ಚಿತ್ರದುರ್ಗಕ್ಕೂ ಎರಡೂ ವಲಸೆ ಬಂದವೇ. ಹಾಗಾದರೆ ಇವನು ಕಲ್ಲು, ಕತ್ತಾಳೆ ತುಂಬಿದ ನಮ್ಮ ಹೊಲದ ಬದುವನ್ನೇ ಬೇರೆ ಹೆಸರಿಟ್ಟು ನಮಗೇ ಮಾರುತ್ತಿದ್ದಾನೆ ಎಂದು ನನಗೆ ಖಾತ್ರಿಯಾಯಿತು.

ಆದರೂ ಬಾಯಿ ಬಿಡಲಿಲ್ಲ. ಬಾಡಿಗೆ ಮನೆಗಳಲ್ಲಿ ಮೂವತ್ತು ವರ್ಷ ಬಣ್ಣದ ಡಬ್ಬಿಗಳಲ್ಲೇ ಗಿಡ ಸಾಕಿದವಳು ಗಿರಿಜೆ. ಈಗ ಮೊದಲ ಸಲ ಅವಳಿಗೆ ಸ್ವಂತ ಮಣ್ಣು ಸಿಕ್ಕಿತ್ತು. ಬಿಳಿ ಬೆಣಚುಕಲ್ಲು ಬಂತು, ಅಂಗಳದ ತುಂಬ ಹರಡಿದ್ದಾಯಿತು.

ಅಷ್ಟರಲ್ಲಿ ಯಲ್ಲದಕೆರೆಯಿಂದ ನಮ್ಮಕ್ಕ ಬಂದಳು. ಅವಳನ್ನು ಮನೆಯಲ್ಲಿ ಬಿಟ್ಟು ನಾವಿಬ್ಬರೂ ಹೊಳಲ್ಕೆರೆಗೆ ಒಂದು ಮದುವೆಗೆ ಹೋಗಿ ಎರಡು ದಿನ ಬಿಟ್ಟು ಬಂದೆವು. ಬಂದು ನೋಡಿದರೆ ಕಲ್ಲೆಲ್ಲ ಕಾಂಪೌಂಡಿನ ಮೂಲೆಯಲ್ಲಿ ರಾಶಿ! ಅಕ್ಕ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಿದ್ದಳು.

"ಇಷ್ಟೊಂದು ಕಲ್ಲು ಬಿಟ್ಕಂಡು ಏನು ಬೆಳೀತಿಯಪ್ಪ? ಎಲ್ಲಾ ಆರಿಸಿ ಹಾಕಿದೀನಿ ನೋಡು."

ಹೊಲದಲ್ಲಿ ಕಲ್ಲು ಆರಿಸಿಯೇ ಬೆನ್ನು ಬಾಗಿಸಿಕೊಂಡವಳು. ತಮ್ಮನ ಅಂಗಳ ಕಂಡು ಸುಮ್ಮನಿರುತ್ತಾಳೆಯೇ?

ಗಿರಿಜೆ ಒಳಗೆ ಬಂದು ನನ್ನನ್ನು ತರಾಟೆಗೆ ತೆಗೆದುಕೊಂಡಳು. "ನೀವೇ ಹೇಳ್ಕೊಟ್ಟು ಹೋಗಿದ್ರಿ. ಈ ತೋಟ ಕಂಡ್ರೆ ಮೊದ್ಲಿಂದ್ಲೂ ಆಗ್ತಿರ್ಲಿಲ್ಲ ನಿಮಗೆ."

ದೇವರಾಣೆ ಇಟ್ಟೆ. ಊರನ್ನೆಲ್ಲ ಅನುಮಾನಿಸಿದವನ ಆಣೆಯನ್ನು ಯಾರು ನಂಬುತ್ತಾರೆ? ಅವಳ ಕಣ್ಣಲ್ಲಿ ನೀರು ಕಂಡು ನನಗೆ ನಿಜಕ್ಕೂ ಸಂಕಟವಾಯಿತು.

ವಿಷಯ ತಿಳಿದ ಅಕ್ಕ ಪೆಚ್ಚಾದಳು. "ಬೇಕಂತಾನೇ ಹಾಕ್ಸಿದ್ದಾ? ಮೊದ್ಲೇ ಹೇಳಬಾರದೇನಪ್ಪ! ನಮ್ಮ ಬದುವಿನಾಗೆ ಗುಡ್ಡೆಗಟ್ಟಲೆ ಐತೆ."

ವಾರದೊಳಗೆ ಟ್ರ್ಯಾಕ್ಟರ್ ಬಂತು. ಕಂದು, ಬೂದು ಬಣ್ಣದ ಒರಟು ಕಲ್ಲು. ಬಿಳಿಯದನ್ನು ಬಿಟ್ಟು ಇದನ್ನೇ ಹರಡಿದೆವು. ಹಿಂದಿನ ಗುಡ್ಡವೇ ನಮ್ಮ ಗೇಟಿನವರೆಗೆ ಇಳಿದು ಬಂದಂತಾಯಿತು. ಇದೇ ಹೆಚ್ಚು ಹೊಂದುತ್ತದೆಂದು ವಿನ್ಯಾಸಗಾರನೂ ಒಪ್ಪಿಕೊಂಡ. ಅಕ್ಕನ ಬದು ಪುಕ್ಕಟೆ ಹಸನಾಯಿತಲ್ಲ ಎಂಬ ಗುಮಾನಿ ನನಗಿದೆ, ಅದು ಬೇರೆ ಮಾತು.

ಈಗ ಗಿರಿಜೆ ಬಂದವರಿಗೆಲ್ಲ ದಾಳಿಂಬೆ ಗಿಡ ತೋರಿಸುತ್ತ ಹೇಳುತ್ತಾಳೆ: "ಆ ಬಿಳಿ ಕಲ್ಲು ಹೊಂದಲ್ಲ ಅಂತ ಇವ್ರಿಗೆ ಆವಾಗ್ಲೇ ಗೊತ್ತಿತ್ತು. ಅದಕ್ಕೇ ಉಪಾಯವಾಗಿ ಅಕ್ಕನ ಕೈಲಿ ತೆಗ್ಸಿದ್ರು."

ನಾನು ನಿರಪರಾಧಿ ಎಂದು ಸಾಧಿಸುವ ಹಟವನ್ನು ಕೈಬಿಟ್ಟಿದ್ದೇನೆ.