ಬೆರಳ ಗಂಟಿನ ಪಾಠ

ಪಿನ್ನಮ್ಮನ, ಅಂದರೆ ನನ್ನ ಚಿಕ್ಕಮ್ಮನ, ಬೆರಳ ತುದಿಗಳಲ್ಲಿ ಗೆರೆಗಳಿರಲಿಲ್ಲ. ರೇಷ್ಮೆಹುಳದ ಮನೆ ತೊಳೆಯುವ ಬ್ಲೀಚಿಂಗ್ ಪುಡಿ, ಹಿಪ್ಪುನೇರಳೆ ಕಡ್ಡಿ ಎರಡೂ ಸೇರಿ ಅವನ್ನು ಸವೆಸಿ, ಒಣಗಿದ ಹುಣಸೆ ಸಿಪ್ಪೆಯ ಹಾಗೆ ಮಾಡಿಬಿಟ್ಟಿದ್ದವು.

ನಾನು ಬಳಸಿಬಿಟ್ಟ ಹಳೆಯ ಟ್ಯಾಬನ್ನು ಸುಗಟೂರಿನ ಅವಳ ಮನೆಗೆ ಒಯ್ದ ದಿನ ಕೋಣೆಯಲ್ಲಿದ್ದವರು ನಾಲ್ವರು. ಮಂಚದ ಮೇಲೆ ಪಿನ್ನಮ್ಮನ ಮಗಳು, ಪಕ್ಕದಲ್ಲಿ ಪಿನ್ನಮ್ಮ ಮತ್ತು ನಾನು, ಸೊಪ್ಪಿನ ಹೊರೆ ಇಳಿಸಿ ಬಾಗಿಲಲ್ಲೇ ನಿಂತ ಚಿಕ್ಕಪ್ಪ. ಮಗಳದು ಸ್ನಾಯುಗಳು ಸೋಲುತ್ತ ಹೋಗುವ ಕಾಯಿಲೆ. ಎಂಟನೇ ತರಗತಿಗೇ ಶಾಲೆ ಬಿಟ್ಟಿದ್ದಳು. ಈಗ ಕೈಯೂ ಮೇಲೇಳುತ್ತಿರಲಿಲ್ಲ. ಮಾತು ಮಾತ್ರ ಚುರುಕು. ಮನೆಯಲ್ಲೇ ಓದಿಸಿ ಹತ್ತನೇ ಪರೀಕ್ಷೆ ಕಟ್ಟಿಸಬೇಕೆಂಬುದು ಪಿನ್ನಮ್ಮನ ಹಟ.

ಹುಳಗಳಿಗೆ ಗೂಡು ಕಟ್ಟಿಸುವ ಹಳೆಯ ಬಿದಿರು ಚಂದ್ರಿಕೆಯನ್ನು ಮಂಚಕ್ಕೆ ಒರಗಿಸಿ, ಸೀರೆಯಂಚಿನಿಂದ ಟ್ಯಾಬನ್ನು ಅದಕ್ಕೆ ಕಟ್ಟಿದೆವು. ಪಿನ್ನಮ್ಮ ತೋರುಬೆರಳಿನಿಂದ ಒತ್ತಿದಳು. ಪರದೆ ಅಲುಗಲಿಲ್ಲ. ಮತ್ತೆ ಒತ್ತಿದಳು.

“ಏನ್ಲಾ ಇದು, ನನ್ನ ಮನುಷ್ಯಳು ಅಂತಾನೇ ಲೆಕ್ಕಕ್ಕೆ ತಗೊಳ್ಳಲ್ವಲ್ಲ?”

“ಬೆರಳ್ ಮಡಚಿ ಗಂಟಿಂದ ಕುಟ್ಟಮ್ಮ, ಬಾಗಿಲು ತಟ್ಟೋ ಹಂಗೆ,” ಎಂದಳು ಮಗಳು.

ಹಾಗೆ ತಟ್ಟಿದಾಗ ಪಾಠ ತೆರೆದುಕೊಂಡಿತು. ಅಂದಿನಿಂದ ಅದೇ ರೂಢಿ. “ನೀವೂ ಸ್ವಲ್ಪ ನೋಡ್ಕೊಳ್ರಿ” ಎಂದು ಪಿನ್ನಮ್ಮ ಕರೆದರೆ ಚಿಕ್ಕಪ್ಪ, “ಅದೆಲ್ಲ ನನ್ ಕೈಲಾಗಲ್ಲ” ಎನ್ನುತ್ತ ಹುಳದ ಮನೆಗೆ ನಡೆದ.

ರೇಷ್ಮೆಹುಳ ಮೇವು ಬಿಟ್ಟು, ಪೊರೆ ಕಳಚಲು ಅಲುಗದೆ ಕೂರುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ; ಒಂದು ಬೆಳೆಗೆ ನಾಲ್ಕು ಜ್ವರ. ಆಗ ಸೊಪ್ಪು ಹಾಕುವ ಕೆಲಸವಿಲ್ಲ. ಕಷ್ಟದ ಪಾಠಗಳನ್ನೆಲ್ಲ ಪಿನ್ನಮ್ಮ ಜ್ವರಕ್ಕೆಂದು ಎತ್ತಿಡುತ್ತಿದ್ದಳು. ರೇಖಾಗಣಿತ ಎರಡನೇ ಜ್ವರಕ್ಕೆ, ಬೀಜಗಣಿತ ಮೂರನೆಯದಕ್ಕೆ. ಏಳನೇ ತರಗತಿಗೆ ಓದು ನಿಲ್ಲಿಸಿದವಳು, ಮಗಳು ಹೇಳಿದ ಉತ್ತರ ಬರೆದುಕೊಳ್ಳುತ್ತ ತಾನೂ ಕಲಿತಳು.

ಬೈರಕೂರಿನಿಂದ ಬಂದಿದ್ದ ಚಿಕ್ಕಪ್ಪನ ಅಕ್ಕ ಒಮ್ಮೆ ಅಂದೇಬಿಟ್ಟಳು: “ಡಾಕ್ಟ್ರು ಏನ್ ಹೇಳವ್ರೆ ಅಂತ ನಿಂಗೂ ಗೊತ್ತು. ಈ ಮಗೀಗೆ ಯಾಕಮ್ಮ ಓದು?”

ಪಿನ್ನಮ್ಮ ತಲೆಯೆತ್ತಲಿಲ್ಲ. “ಗೂಡು ಕಟ್ಟಿದ್ಮೇಲೆ ಹುಳ ಬಿಸಿನೀರಿಗೇ ಹೋಗೋದು ಅಂತ ಗೊತ್ತಿಲ್ವೇನಕ್ಕ? ಹಂಗಂತ ಸೊಪ್ಪು ಹಾಕೋದ್ ಬಿಡ್ತೀವಾ?”

ಹೇಳಿದ ಮೇಲೆ ಅವಳ ಮುಖ ಬಿಳಿಚಿತು. ಮಗಳು ಕೇಳಿಸಿಕೊಂಡಿದ್ದಳು. ಒಲೆಯ ಮೇಲೆ ಎಸರು ಕುದಿಯುತ್ತಿತ್ತು. ಆಮೇಲೆ ಮಂಚದಿಂದ ದನಿ ಬಂತು: “ಮಾತು ಸಾಕು ಕಣಮ್ಮ. ಸೊಪ್ಪು ಹಾಕು.” ಆ ಮನೆಯಲ್ಲಿ ಪಾಠಕ್ಕೆ ಅದೇ ಹೆಸರಾಯಿತು.

ನನ್ನನ್ನು ಬಸ್ಸು ಹತ್ತಿಸಲು ಬಂದಾಗಲೆಲ್ಲ ಪಿನ್ನಮ್ಮನದು ಒಂದೇ ಮಾತು: “ಇವಳಿಗಿಂತ ಮುಂಚೆ ನಾನು ಹೋಗಬಾರದು ಕಣೋ. ಹೋದ್ರೆ ಯಾರು ಕುಟ್ಟಿಕೊಡ್ತಾರೆ?” ಹೆತ್ತವಳ ಬಾಯಲ್ಲಿ ಆ ಬೇಡಿಕೆ ಕೇಳಿ ನಾನು ರಸ್ತೆಯ ಕಡೆ ನೋಡುತ್ತಿದ್ದೆ.

ಪಿನ್ನಮ್ಮನೇ ಮೊದಲು ಹೋದಳು. ಸೊಪ್ಪು ಕೊಯ್ಯುವಾಗ ಎದೆ ಹಿಡಿದು ಕೂತವಳು ಕೋಲಾರದ ಆಸ್ಪತ್ರೆ ತಲುಪಲಿಲ್ಲ. ಕೊನೆಯ ಜ್ವರದಿಂದ ಎದ್ದ ಹುಳಗಳಿಗೆ ಹಸಿವು ಹೆಚ್ಚು. ಅಂಗಳದಲ್ಲಿ ಹೆಣ ಇರುವಾಗಲೇ ಚಿಕ್ಕಪ್ಪ ಎದ್ದು ಹೋಗಿ ಸೊಪ್ಪು ಹಾಕಿ ಬಂದ. ಅವು ಮೇಯುವ ಸದ್ದು ಅಳುವವರಿಗೂ ಕೇಳಿಸುತ್ತಿತ್ತು.

ತಿಥಿ ಮುಗಿಯಿತು, ಮುಂದಿನ ಬೆಳೆಯ ಹುಳವೂ ಬಂತು. ಟ್ಯಾಬ್ ಕಪ್ಪಗೆ ಚಂದ್ರಿಕೆಯಲ್ಲೇ ಇತ್ತು. ಮಗಳು ತನ್ನನ್ನು ಗೋಡೆಯ ಕಡೆ ತಿರುಗಿಸಿ ಮಲಗಿಸಲು ಹೇಳುತ್ತಿದ್ದಳು. ಇನ್ನು ಟ್ಯಾಬನ್ನು ಬಿಚ್ಚಿಬಿಡುವುದೇ ಒಳ್ಳೆಯದೆಂದು ನಾನು ಹೋದ ದಿನ ಹುಳ ಎರಡನೇ ಜ್ವರಕ್ಕೆ ಕೂತಿತ್ತು. ಚಿಕ್ಕಪ್ಪ ಕೈ ತೊಳೆದು ಬಂದು ಮಂಚದ ಪಕ್ಕ ಕೂತ. ನನ್ನಿಂದ ಟ್ಯಾಬ್ ಆನ್ ಮಾಡಿಸಿದ. ಬಹಳ ಹೊತ್ತು ಪರದೆ ನೋಡಿ, ಬೆರಳು ಮಡಚಿ ಗಂಟಿನಿಂದ ಕುಟ್ಟಿದ. ಚಂದ್ರಿಕೆ ಅಲ್ಲಾಡಿತು.

ಮಗಳು ಗೋಡೆಯಿಂದ ಮುಖ ತಿರುಗಿಸಿದಳು.

“ಅಷ್ಟು ಜೋರಾಗಲ್ಲಪ್ಪ,” ಎಂದಳು. “ಅಮ್ಮ ಮೆಲ್ಲಗೆ ಕುಟ್ತಿದ್ಲು.”